ಎಂಟು ಮೂರು, ಕೊನೆಗೊಂದು ಒಂದು

ಮಾರ್ಚ್ 4, ಸಂಜೆ

ಅಪ್ಪನ ಪಟ್ಟಿ ಬಿಚ್ಚಿ, ಕಣ್ಣಿಗೆ ಡ್ರಾಪ್ಸ್ ಹಾಕಿ, ಮತ್ತೆ ಕಟ್ಟಿದೆ. ಆಪರೇಷನ್ ಆದ ಕಣ್ಣು. "ನಿಧಾನ ಕಣೇ!" ಎಂದು ಗದರಿದರು. ಆರು ಗಂಟೆಗೆ ಕಾಲೇಜಿನಿಂದ ನೇರ ತಂಗಿ ಬಂದಳು. ಅಪ್ಪನ ಮುಖ ಅರಳಿತು. ಪಟ್ಟಿ ಕಟ್ಟಿದ್ದರೂ ಅರಳುತ್ತದೆ, ಏನು ಮಾಡೋಣ.

ಈ ಸಲ ಅವಳು ತಂದದ್ದು ಸಂಖ್ಯೆಗಳ ಒಂದು ಸಾಲು. 31, 331, 3331... ಎಲ್ಲವೂ ಅವಿಭಾಜ್ಯ — ಒಂದನ್ನೂ ತನ್ನನ್ನೂ ಬಿಟ್ಟರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದು. ಏಳು ಮೂರುಗಳಿರುವ ಸಂಖ್ಯೆಯವರೆಗೆ ಪುಸ್ತಕದಲ್ಲೇ ಇದೆಯಂತೆ. "ಹಾಗಾದ್ರೆ ಎಂಟು ಮೂರಿಂದೂ ಹಾಗೇ ಅಲ್ವಾಪ್ಪಾ? ಶನಿವಾರ ಸೆಮಿನಾರ್‌ನಲ್ಲಿ ಹೇಳ್ತೀನಿ."

33,33,33,331.

"ಭೇಷ್!" ಎಂದರು ಅಪ್ಪ. ಜೀವಮಾನವಿಡೀ ಗಣಿತ ಕಲಿಸಿದವರು. ನಾನೂ ಹೈಸ್ಕೂಲಿನಲ್ಲಿ ಅದನ್ನೇ ಕಲಿಸುತ್ತೇನೆ. ನನಗೊಂದು ಭೇಷ್ ಸಿಕ್ಕ ನೆನಪಿಲ್ಲ. ಹೊಟ್ಟೆ ಉರಿಯಿತು. ಬರೆದೇ ಬಿಡುತ್ತೇನೆ, ಯಾರು ಓದುತ್ತಾರೆ.

ಮಾರ್ಚ್ 5

ಸ್ಟಾಫ್ ರೂಮಿನಲ್ಲಿ ಭಾಗಿಸುತ್ತಾ ಕೂತೆ. 7 — ಇಲ್ಲ. 11 — ಇಲ್ಲ. 13 — ಇಲ್ಲ. 17... ಶೇಷ ಸೊನ್ನೆ! ಇನ್ನೊಮ್ಮೆ ಮಾಡಿದೆ. 17 × 1,96,07,843. ಏಳು ಸಂಖ್ಯೆಗಳು ಗಟ್ಟಿಯಾಗಿ ನಿಂತು, ಎಂಟನೆಯದು ಕೈಕೊಟ್ಟಿದೆ. ಖುಷಿಗೆ ಪಕ್ಕದ ಸೀಟಿನ ವಿಜ್ಞಾನದ ಮೇಡಂಗೂ ಟೀ ಕೊಡಿಸಿದೆ.

ಮಾರ್ಚ್ 7

ಬಾಯಿ ಬಿಟ್ಟಿರಲಿಲ್ಲ. ಶನಿವಾರ ಎಲ್ಲರೆದುರು ಅವಳ ಮುಖ ಸಪ್ಪಗಾಗಲಿ ಎಂದು... ಇವತ್ತು ತಡೆಯಲಾಗಲಿಲ್ಲ. ಪಟ್ಟಿ ಕಟ್ಟುತ್ತಾ ಹೇಳಿದೆ, "ಅಪ್ಪಾ, ಅದು ಹದಿನೇಳರಿಂದ ಹೋಗತ್ತೆ."

"ಗೊತ್ತು ಕಣೇ. ಅವತ್ತೇ ಮನಸ್ಸಲ್ಲೇ ಭಾಗಿಸಿ ನೋಡ್ದೆ."

"ಮತ್ತೆ ಭೇಷ್ ಅಂದ್ರಿ?"

"ಅವಳೇ ಕಂಡ್ಕೊಳ್ಳಲಿ. ಆ ಸುಖಾನೇ ಬೇರೆ. ನೀನು ಹೇಳಿಗೀಳಿಬಿಟ್ಟೀಯ."

ನನ್ನ ಲೆಕ್ಕ ತಪ್ಪಿದರೆ ಮುಗಿಸುವ ಮೊದಲೇ ಕೆಂಪು ಗೀಟು ಬೀಳುತ್ತಿತ್ತು. ಆ ಸುಖ ನನಗೆ ಬೇಡವಾಗಿತ್ತೇ? ಪಟ್ಟಿ ಸ್ವಲ್ಪ ಬಿಗಿಯಾಯಿತು.

ಮಾರ್ಚ್ 8, ಶುಕ್ರವಾರ, ಸಂಜೆ 6.20

ಅಪ್ಪ ಒಳಗೆ ಮಲಗಿದ್ದಾರೆ. ತಂಗಿ ನನ್ನ ಮೇಜಿನೆದುರು. "ನಾಳೆ ನಾನೇ ಫಸ್ಟ್ ಮಾತಾಡೋದು. ಅಕ್ಕಾ, ನೀನೂ ಒಂದ್ಸಲ ನೋಡ್ಬಿಡೇ" ಎಂದಳು.

"ಹದಿನೇಳರಿಂದ ಭಾಗಿಸು" ಎಂದೆ. ಅವಳ ಮರ್ಯಾದೆ ಉಳಿಸಲು ಅಲ್ಲ. ಅಪ್ಪ ಅವಳಿಗೆಂದು ಎತ್ತಿಟ್ಟ ಸುಖವನ್ನು ಕಿತ್ತುಕೊಳ್ಳಲು.

ಭಾಗಿಸುತ್ತಿದ್ದಾಳೆ. ನಾನು ತಲೆ ಬಗ್ಗಿಸಿ ಇದನ್ನು ಬರೆಯುತ್ತಿದ್ದೇನೆ. ಕೊನೆಯ ಅಂಕಿ. ಮುಖ ಬಿಳಿಚಿಕೊಂಡಿತು. ಅಳುತ್ತಾಳೆ ಎಂದುಕೊಂಡೆ — ನಕ್ಕುಬಿಟ್ಟಳು! ಹಾಳೆ ಹಿಡಿದು ಒಳಗೆ ಓಡಿದಳು.

"ಅಪ್ಪಾ, ಹದಿನೇಳರಿಂದ ಹೋಗತ್ತೆ!"

"ಹೌದಾ!" ಏನೂ ತಿಳಿಯದವರ ಹಾಗೆ ಅಪ್ಪ. ಆಹಾ, ಏನು ನಾಟಕ. "ನೀನೇ ಕಂಡುಹಿಡಿದ್ಯಾ ಮಗಳೇ?"

ಹೇಳೇ... ಅಕ್ಕ ಅಂತ ಹೇಳೇ...

"ಹ್ಞೂಂ" ಎಂದಳು.

ಅಪ್ಪ ನನ್ನನ್ನು ಕೂಗುತ್ತಿದ್ದಾರೆ. ಈ ಖುಷಿಗೆ ಎಲ್ಲರಿಗೂ ಕಾಫಿ ಮಾಡಬೇಕಂತೆ. ನಾನು...