ಅಮ್ಮನ ಖಾತೆಯನ್ನು ಮುಟ್ಟುವ ಮುಂಚೆ

ಗುಂಡಾ,

ನಾನು ಡ್ಯೂಟಿಗೆ ಹೊರಟೆ. ನಿನ್ನೆಯಿಂದ ಮನೆಯ ಕಂಪ್ಯೂಟರಿನಿಂದ ಮೇಲ್ ಹೋಗುತ್ತಿಲ್ಲ. ಭದ್ರತೆಯಿಲ್ಲದ ಸಂಪರ್ಕವನ್ನೆಲ್ಲ ಮೇಲ್ ಕಂಪನಿಯವರು ಬಂದ್ ಮಾಡಿದ್ದಾರಂತೆ. ಅಪ್ಪ ವಾಚ್ ಅಂಗಡಿ ಮುಚ್ಚಿ ಬರುವುದರೊಳಗೆ ಸರಿಮಾಡಿಡು.

ಸೆಟ್ಟಿಂಗ್ಸ್‌ನಲ್ಲಿ ಬರುವ ಮೇಲ್‌ಗೂ ಹೋಗುವ ಮೇಲ್‌ಗೂ ಎಸ್ಎಸ್ಎಲ್ ಅನ್ನುವ ಬೀಗ ಆರಿಸು. ಪೋರ್ಟ್ ಬರುವುದಕ್ಕೆ 993, ಹೋಗುವುದಕ್ಕೆ 465. ಒಂದು ಮಾಡಿ ಇನ್ನೊಂದು ಮರೆಯುವುದು ನಿನ್ನ ಅಭ್ಯಾಸ, ಅದಕ್ಕೇ ಎರಡನ್ನೂ ಬರೆದಿದ್ದೇನೆ. ಎಚ್ಚರಿಕೆ ಏನಾದರೂ ಬಂದರೆ ಓದದೆ ಓಕೆ ಒತ್ತಬೇಡ, ನನಗೆ ಫೋನ್ ಮಾಡು.

ಅಮ್ಮನ ಖಾತೆಗೂ ಹಾಗೇ ಮಾಡು. ಅಮ್ಮನೇ ಇಲ್ಲದ ಮೇಲೆ ಅದ್ಯಾಕೆ ಅಂತ ತೆಗೆದುಹಾಕಿಬಿಡಬೇಡ. ಅಪ್ಪ ಈಗಲೂ ದಿನಾ ಸಂಜೆ ಅವಳಿಗೆ ಬರೆಯುತ್ತಾರೆ, ಅದು ಅವಳ ಇನ್‌ಬಾಕ್ಸಿಗೆ ಬಂದದ್ದನ್ನು ನೋಡಿಯೇ ಕುರ್ಚಿಯಿಂದ ಏಳುತ್ತಾರೆ. ನಿನ್ನೆ ಏಳಲೇ ಇಲ್ಲ. ಊಟಕ್ಕೆ ಕರೆದರೆ, "ಅವಳಿಗಿನ್ನೂ ಮುಟ್ಟಿಲ್ಲಮ್ಮ" ಅಂದರು.

ಅವರು ಬರೆದದ್ದನ್ನು ತೆರೆಯಬೇಡ. ನಡುವೆ ಯಾರೂ ಓದಬಾರದು ಅಂತ ತಾನೇ ಇಷ್ಟೆಲ್ಲ ಬೀಗ? ಆ ಯಾರೂ ಅನ್ನುವುದರಲ್ಲಿ ನೀನೂ ನಾನೂ ಸೇರಿದ್ದೇವೆ.

ಸರಿಯಾಯಿತೋ ಇಲ್ಲವೋ ನೋಡಲು ಅಪ್ಪನ ಖಾತೆಯಿಂದ ನನಗೊಂದು ಮೇಲ್ ಕಳಿಸು, ಸಾಕು. ಹೋದ ಸಲದ ಹಾಗೆ ಅಮ್ಮನ ಖಾತೆಯಿಂದ ಅಪ್ಪನಿಗೆ "ಟೆಸ್ಟ್" ಅಂತ ಕಳಿಸಬೇಡ. ನೀನು ಕಳಿಸಿ ಆಟಕ್ಕೆ ಹೋದೆ, ನೋಡಲಿಲ್ಲ. ಅಪ್ಪ ಅದನ್ನು ಕಂಡು ಎದ್ದುಹೋಗಿ ಮುಖ ತೊಳೆದು, ತಲೆ ಬಾಚಿ, ಒಗೆದ ಅಂಗಿ ಹಾಕಿಕೊಂಡು ಬಂದು ಉತ್ತರ ಬರೆಯಲು ಕೂತಿದ್ದರು.

ಅಕ್ಕ