ಸೋತರು ಎನ್ನದ ಗಂಟಲು

ರಂಗಂಪೇಟೆ, ಸುರಪುರ
9 ಜನವರಿ 2026, ಶುಕ್ರವಾರ

ಮೊಮ್ಮಗಳೇ ಪಂಚಶೀಲಾ, ಜೈಭೀಮ್.

ಈ ಕಾಗದ ಬರೆಯುವ ಪೀಡೆ ನನಗೆ ಯಾಕೆ ಗಂಟುಬಿತ್ತೋ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವನು ನಾನು. ಮೈಕು ಕೊಟ್ಟರೆ ಹೊತ್ತು ಮುಳುಗುವ ತನಕ ಮಾತಾಡುತ್ತೇನೆ, ಪೆನ್ನು ಕೊಟ್ಟರೆ ಬೆರಳು ಮರಗಟ್ಟುತ್ತವೆ. ನಿನ್ನ ಅಜ್ಜಿ ಸುಂದ್ರಮ್ಮ ನನ್ನ ಫೋನು ಕಸಿದುಕೊಂಡು ಜೋಳದ ಡಬ್ಬಿಯೊಳಗೆ ಹುಗಿದಿಟ್ಟಿದ್ದಾಳೆ. ‘ಒದರಿದ್ದು ಸಾಕು, ಬಾಯಿ ಮುಚ್ಚಿಕೊಂಡು ಬರಿ’ ಎಂದು ಅವಳ ಹುಕುಂ. ಒಪ್ಪಿಕೊಂಡೆ, ಯಾಕೆಂದರೆ ಫೋನಿನಲ್ಲಿ ಮಾತು ತುಂಬಿ ಕಳಿಸುವುದಕ್ಕೆ ಈಗ ನನಗೂ ಅಂಜಿಕೆ. ಇಲ್ಲಿ ಆಡಿದ್ದು ಅಲ್ಲಿ ಏನಾಗಿ ಹೊರಬೀಳುತ್ತದೋ ಯಾರು ಬಲ್ಲರು. ಇದನ್ನು ಹೈದರಾಬಾದ್ ಬಸ್ಸಿನ ಕಂಡಕ್ಟರ್ ಲಾಡ್ಲೇಸಾಬನ ಕೈಯಲ್ಲಿ ಕೊಡುತ್ತೇನೆ, ನಾಳೆ ನಿನಗೆ ಮುಟ್ಟುತ್ತದೆ. ಮುಟ್ಟಲಿಲ್ಲ ಎಂಬ ನೆಪ ನಡೆಯುವುದಿಲ್ಲ.

ನಿನ್ನ ಆರೋಗ್ಯ ಹೇಗಿದೆ? ಆ ದವಡೆ ಹಲ್ಲು ಕೀಳಿಸಿದೆಯೋ, ಇನ್ನೂ ಲವಂಗ ಕಚ್ಚಿಕೊಂಡೇ ತಿರುಗುತ್ತೀಯೋ? ಹಲ್ಲಿಗೆ ಅಂಜುವವಳು ನೀನು, ಇನ್ನು ನೌಕರಿ ಕೊಟ್ಟ ಕಂಪನಿಗೆ ಅಂಜದೆ ಇರುತ್ತೀಯಾ. ಅಜ್ಜಿ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದ್ದಾಳೆ. ಒಬ್ಬಳೇ ತಿನ್ನಬೇಡ, ರೂಮಿನಲ್ಲಿ ನಿನ್ನ ಜೊತೆಗಿರುವ ಶಿವರಂಜನಿಗೂ ಕೊಡು. ಇಲ್ಲಿ ನಿನ್ನ ಅಪ್ಪ ಪ್ರವೀಣಕುಮಾರ ತೊಗರಿ ರಾಶಿ ಮುಗಿಸಿ ಮೈಯೆಲ್ಲ ತುರಿಸಿಕೊಳ್ಳುತ್ತ ಕೂತಿದ್ದಾನೆ. ಅಜ್ಜಿ ಗಟ್ಟಿ. ನಾನೂ ಇದ್ದೇನೆ.

ಇನ್ನು ವಿಷಯ. ಈ ಉಸಾಬರಿ ತಂದು ಹಚ್ಚಿದವಳು ನೀನೇ. ಯಾದಗಿರಿ ಕಾಲೇಜಿನಿಂದ ರಜೆಗೆ ಬಂದವಳು, ಶಹಾಪುರದ ಮೈದಾನದಲ್ಲಿ ನಾನು ಮೈಕಿನಲ್ಲಿ ಕಬಡ್ಡಿ ಪಂದ್ಯದ ಕಾಮೆಂಟರಿ ಹೇಳುವುದನ್ನು ಫೋನಿನಲ್ಲಿ ಹಿಡಿದೆ. ಆಮೇಲೆ ದನಿ ಮಾರ್ದನಿಸದಿರಲೆಂದು ನಮ್ಮ ಹಿಂದಿನ ಕೋಣೆಯ ಗೋಡೆಗೆಲ್ಲ ಅಜ್ಜಿ ಹೊಲಿದ ಕೌದಿ ಇಳಿಬಿಟ್ಟು, ಫ್ಯಾನು ಬಂದ್ ಮಾಡಿ, ಬೆವರು ಸುರಿಸಿಕೊಂಡು ಇಬ್ಬರೂ ಕೂತೆವು. ನಡುವೆ ಆಡು ಒದರುತ್ತದೆ ಎಂದು ಅದನ್ನು ಪಕ್ಕದ ಮನೆ ರೇಣಮ್ಮನ ಅಂಗಳದಲ್ಲಿ ಕಟ್ಟಿ ಬರುವುದು ನನ್ನ ಕೆಲಸ. ಅದಕ್ಕೆ ನೀನು ಪಾಡ್‌ಕಾಸ್ಟ್ ಅಂದೆ, ‘ಮೈದಾನದ ಧೂಳು’ ಎಂದು ಹೆಸರಿಟ್ಟೆ. ಕಣ್ಣಿಗೆ ಕಾಣದ ಆಟವನ್ನು ಯಾವನು ಕೇಳುತ್ತಾನೆ ಎಂದು ನಾನು ನಕ್ಕೆ. ಕೇಳಿದರು. ಪುಣೆಯಲ್ಲಿ ಸೆಂಟ್ರಿಂಗ್ ಕೆಲಸ ಮಾಡುವ ಶಿರವಾಳದ ಹುಡುಗರು, ಮುಂಬೈಯಲ್ಲಿ ಗಾರೆ ಕಲಸುವ ಗುರುಮಠಕಲ್ ಕಡೆಯವರು ಕಿವಿಗೆ ವೈರು ಸಿಕ್ಕಿಸಿಕೊಂಡು ಕೇಳಿದರು. ಒಬ್ಬ ಫೋನು ಮಾಡಿ, ‘ಅಜ್ಜಾ, ನೀವು ದಮ್ಮು ಹಿಡದು ಹೇಳಾಕತ್ತಿದ್ರ ನಮ್ಮೂರ ಮಣ್ಣು ಮೂಗಿಗಿ ಬಡಿತೈತ್ರಿ’ ಎಂದದ್ದು ನಿನಗೆ ನೆನಪಿರಬೇಕು. ಅವತ್ತು ನೀನು ಅತ್ತೆ. ನಾನು ಆಡು ಬಿಚ್ಚಿಕೊಂಡು ಬರುತ್ತೇನೆಂದು ಎದ್ದು ಹೋದೆ.

ಆಮೇಲೆ ಏನಾಯಿತು ಎಂಬುದೂ ನೆನಪಿರಲಿ. ತಾಸುಗಟ್ಟಲೆ ಮಾತು ಯಾರಿಗೂ ಬೇಡ, ವಿಡಿಯೊ ಬೇಕು ಎಂದರು. ವಿಡಿಯೊ ಮಾಡಿದರೆ ಅದೂ ಉದ್ದವಾಯಿತು, ಎಲೆಗೆ ಸುಣ್ಣ ಹಚ್ಚುವುದರೊಳಗೆ ಮುಗಿಯುವ ತುಂಡು ಬೇಕು ಎಂದರು. ತಂಡ ಕಟ್ಟಿ ದುಡ್ಡು ಹಚ್ಚುವ ಆ್ಯಪಿನವರು ಜಾಹೀರಾತು ತಂದರು. ಅದನ್ನು ನೀನೇ ಓದಿದೆ, ನಾನು ಹೊರಗೆ ಹೋಗಿ ನಿಂತೆ. ಸರ್ಕಾರ ಆ ಆ್ಯಪುಗಳಿಗೆ ಬೀಗ ಜಡಿದದ್ದೇ ತಡ, ಆಟದ ಮಾತಾಡಿ ಬದುಕುತ್ತಿದ್ದ ಸಣ್ಣ ಚಾನೆಲ್ಲುಗಳ ಬಾವಿ ಬತ್ತಿತು. ಆಗ ನಿನ್ನ ಈ ಹೈದರಾಬಾದಿನ ಕಂಪನಿ ಬಂತು. ತೆಲುಗಿನವರು, ಮರಾಠಿಯವರು, ನಮ್ಮವರು ಎನ್ನದೆ ಎಲ್ಲರನ್ನೂ ಒಂದೇ ಗಾಣಕ್ಕೆ ಹಾಕಿಕೊಂಡಿತು. ನಿನಗೆ ನೌಕರಿ ಕೊಟ್ಟಿತು. ನಾನು ಬೇಡವೆನ್ನಲಿಲ್ಲ. ‘ಅಜ್ಜಾ, ನಿನ್ನ ಹಳೇ ರೆಕಾರ್ಡಿಂಗ್ ಕೇಳ್ಯಾರ, ಕೊಡ್ಲಾ’ ಅಂದೆ. ನಾನು ಹೂಂ ಎಂದೆ. ನಾನು ಕೊಟ್ಟದ್ದು ಆಡಿದ ಮಾತು. ಆಡದ ಮಾತನ್ನು ಯಾರಿಗೂ ಕೊಟ್ಟಿಲ್ಲ.

ಮೈಕು ಹಿಡಿದ ಮೊದಲ ದಿನದಿಂದ ನನ್ನದೊಂದು ರಿವಾಜು ಇದೆ, ನಿನಗೆ ಗೊತ್ತಿರುವುದೇ. ಆಟ ಮುಗಿದ ಮೇಲೆ ಗೆಲ್ಲದ ಊರಿನ ಹೆಸರು ಮೊದಲು. ‘ಹತ್ತಿಕುಣಿಯವ್ರು ಆಡ್ಯಾರ, ಶಿರವಾಳದವ್ರು ಗೆದ್ದಾರ.’ ಅಷ್ಟೇ. ಸೋತರು ಎಂಬ ಮಾತು ನನ್ನ ಗಂಟಲಿನಿಂದ ಇವತ್ತಿನ ತನಕ ಬಂದಿಲ್ಲ. ಆ ಹುಡುಗರು ಅದೇ ಟಂಟಂ ಆಟೊ ಹತ್ತಿ ಗೆದ್ದವರ ಊರು ದಾಟಿ ಮನೆಗೆ ಹೋಗಬೇಕು, ಮರುದಿನ ಅದೇ ಸಂತೆಗೆ ಬರಬೇಕು, ನಾಳೆ ಅದೇ ಊರಿನಿಂದ ಹೆಣ್ಣು ತರಬೇಕು. ಕಲ್ಲು ತೂರಾಟದಲ್ಲಿ ಮುಗಿದ ಪಂದ್ಯ ಈ ಸೀಮೆಯಲ್ಲಿ ಬೇಕಾದಷ್ಟಿವೆ. ನಾನು ಹೇಳಿದ ಪಂದ್ಯದಲ್ಲಿ ಕಲ್ಲು ಬಿದ್ದಿಲ್ಲ. ಜನ ಆ ಎರಡು ಮಾತು ಕೇಳಿದ ಮೇಲೆಯೇ ಪಂಚೆ ಕೊಡವಿಕೊಂಡು ಏಳುತ್ತಾರೆ.

ಹೋದ ಭಾನುವಾರ ಶಹಾಪುರದಲ್ಲಿ ಫೈನಲ್, ಹತ್ತಿಕುಣಿಗೂ ಶಿರವಾಳಕ್ಕೂ. ನಾನು ಅಲ್ಲಿರಲಿಲ್ಲ. ಶನಿವಾರ ಕಲಬುರಗಿಗೆ ಹೋದವನು ಸೋಮವಾರ ಬಂದೆ. ಅಲ್ಲೊಂದು ಕೆಲಸವಿತ್ತು, ಅದು ಆಮೇಲೆ. ನಿನ್ನ ಕಂಪನಿಯವರೂ ಅಲ್ಲಿರಲಿಲ್ಲ. ಯಾವನೋ ಅಂಕ ಕಳಿಸಿದ, ಹೈದರಾಬಾದಿನಲ್ಲಿ ಇನ್ನೊಬ್ಬ ಗುಂಡಿ ಒತ್ತಿದ, ನಿಮ್ಮ ಎಐ ಯಂತ್ರ ನನ್ನ ಗಂಟಲು ತೊಟ್ಟುಕೊಂಡು ಮಾತಾಡಿತು. ‘ಶಿರವಾಳದ ಹುಲಿಗಳ ಮುಂದೆ ಹತ್ತಿಕುಣಿ ಧೂಳೀಪಟ. ಸೋತು ಸುಣ್ಣವಾಗಿ ಮನೆ ಸೇರಿತು ಮಹೇಶಕುಮಾರನ ಪಡೆ.’ ಮಾತಿನ ತುದಿಗೆ ನಾನು ಎಳೆಯುವ ಉಸಿರೂ ಇತ್ತು ಪಂಚಶೀಲಾ, ನಡುವೆ ನನ್ನ ಸಣ್ಣ ಕೆಮ್ಮೂ ಇತ್ತು. ಸೋಮವಾರ ಊರಿಗೆ ಬಂದಿಳಿದು ಬಸ್‌ಸ್ಟ್ಯಾಂಡಿನ ಪಾನ್ ಅಂಗಡಿಯಲ್ಲಿ ಅದನ್ನು ಕೇಳಿದಾಗ, ಇದನ್ನು ನಾನು ಯಾವಾಗ ಅಂದೆ ಎಂದು ಒಂದು ಗಳಿಗೆ ನನ್ನೊಳಗೇ ಹುಡುಕಾಡಿದೆ. ನಾಚಿಕೆಯಾಯಿತು.

ಅವತ್ತೇ ಸಂಜೆ ನಿನಗೆ ಫೋನು ಮಾಡಿ ಬೈದೆ. ‘ಅದು ಸಿಸ್ಟಂ ತಾನಾಗೇ ಮಾಡ್ತದಜ್ಜಾ, ನನ್ನ ಕೈಯಾಗ ಇಲ್ಲ’ ಎಂದೆ ನೀನು. ಗಂಟಲು ಯಾಕೆ ಕಟ್ಟಿದೆ ಎಂದೂ ಕೇಳಿದೆ. ನಾನು ಥಂಡಿ ಎಂದೆ. ನೀನು ಫೋನು ಇಟ್ಟೆ. ನೀನು ಇಟ್ಟ ಮೇಲೆ ಇಲ್ಲಿ ಏನೇನು ನಡೆಯಿತು ಕೇಳು. ಶಿರವಾಳದ ಪುಂಡರು ಯಾದಗಿರಿ ಬಸ್‌ಸ್ಟ್ಯಾಂಡಿನಲ್ಲಿ ಹತ್ತಿಕುಣಿ ಹುಡುಗರನ್ನು ಕಂಡು ಅದನ್ನೇ ಸ್ಪೀಕರಿಗೆ ಹಾಕಿ ಮತ್ತೆ ಮತ್ತೆ ಕೇಳಿಸಿದರು. ಬಡಿದಾಡಿಕೊಂಡರು. ಒಬ್ಬನ ತಲೆಗೆ ಹೊಲಿಗೆ ಬಿದ್ದಿದೆ. ಹತ್ತಿಕುಣಿ ತಂಡದ ನಾಯಕ ಮಹೇಶಕುಮಾರ ತನ್ನ ಆಟದ ಬನಿಯನ್ನನ್ನು ತಾಯಿಯ ಎದುರಿಗೇ ಒಲೆಗೆ ಹಾಕಿದನಂತೆ. ‘ದೇವಿಂದ್ರಜ್ಜನಽ ಹಿಂಗ ಅಂದಮ್ಯಾಲ ಇನ್ನ ಯಾರ ಮುಂದ ಆಡ್ಲಿ’ ಎಂದನಂತೆ.

ಬುಧವಾರ ಅವನ ಅಪ್ಪ ಮಲ್ಲಣ್ಣ ನಮ್ಮ ಮನೆಗೆ ಬಂದ. ಮಲ್ಲಣ್ಣ ಯಾರು ಎಂದು ನಿನಗೆ ಹೇಳಿದ್ದೇನೆ, ಮತ್ತೆ ಹೇಳುತ್ತೇನೆ. ಹತ್ತಿಕುಣಿಯಲ್ಲಿ ನಾನು ಮೊದಲ ಸಲ ಪಂದ್ಯ ಹೇಳಲು ನಿಂತಾಗ, ಕೇರಿಯವನ ಕೈಗೆ ಮೈಕು ಯಾಕೆ ಎಂದು ಕೆಲವರು ಗೊಣಗಿದರು. ಮಲ್ಲಣ್ಣ ಮೈಕು ನನ್ನ ಕೈಗಿಟ್ಟು, ತಾನು ಕೆಳಗಿಳಿದು ಜನರ ನಡುವೆ ನೆಲದ ಮೇಲೆ ಕೂತ. ನಮ್ಮ ಮನೆಗೆ ಬಂದರೆ ಚಹಾ ಕುಡಿಯದೆ ಎದ್ದವನಲ್ಲ. ಅವತ್ತು ಲೋಟ ಮುಟ್ಟಲಿಲ್ಲ. ಅದು ಜಾತಿಯ ಸಿಟ್ಟಾಗಿದ್ದರೆ ನಾನೇ ಬೈದು ಕಳಿಸುತ್ತಿದ್ದೆ. ಅದು ಮಾತಿನ ಸಿಟ್ಟು. ಫೋನನ್ನು ನೆಲದ ಮೇಲಿಟ್ಟು ಆ ತುಂಡು ಕೇಳಿಸಿದ. ‘ಹುಡುಗರು ಸೋತಾರಂತ ನಾ ಬಂದಿಲ್ಲ ದೇವಿಂದ್ರಪ್ಪ. ನೀ ಸೋತಾರ ಅಂದೀಯಂತ ಬಂದೀನಿ’ ಎಂದ. ಅದು ನಾನಲ್ಲ ಎಂದೆ. ‘ಮತ್ತ ನಿನ್ನ ಗಂಟಲದಾಗ ಯಾರು ಕುಂತಾರ?’ ಎಂದು ಕೇಳಿದ.

ನಾನು ಯಂತ್ರದ ಕಥೆ ಹೇಳಲು ಹೋದೆ. ದನಿ ಏಳಲಿಲ್ಲ, ಒಡೆದ ಮಡಕೆಯ ಹಾಗೆ ಬಂತು. ಮಲ್ಲಣ್ಣ ನನ್ನ ಮುಖ ನೋಡಿದ, ಕೆಳಗಿದ್ದ ಫೋನು ನೋಡಿದ. ‘ಇದರಾಗ ನಿನ್ನ ದನಿ ಕಂಚಿನಂಗ ಐತಿ. ನನ್ನ ಎದುರಿಗಿ ಯಾಕ ಒಡಿತು?’ ಎಂದ. ಫೋನಿನಲ್ಲಿದ್ದದ್ದು ಅವನಿಗೆ ದೇವಿಂದ್ರನಾಗಿ ಕಂಡಿತು, ಎದುರಿಗಿದ್ದವನು ಸುಳ್ಳುಗಾರನಾಗಿ ಕಂಡ. ಹೊಸ್ತಿಲು ದಾಟುವಾಗ ಹೇಳಿದ: ‘ಹದಿನೆಂಟಕ್ಕ ಐತವಾರ ನಮ್ಮೂರಾಗ ಆಟ ಐತಿ. ಬಂದು ಮಂದಿ ನಡುವ ನಿಂತು ನಿನ್ನ ಬಾಯಿಲೆ ಹೇಳು. ಇಲ್ಲಾಂದ್ರ ಹತ್ತಿಕುಣಿ ದಾರಿ ಮರತುಬಿಡು.’ ಬರುತ್ತೇನೆ ಎಂದು ತಲೆಯಾಡಿಸಿದೆ.

ಈಗ ನಿನಗೆ ಒಂದು ಮಾತು. ನಿನ್ನ ಮುತ್ತಜ್ಜ ಹಣಮಂತ್ರಾಯ ಹಲಗೆ ಬಡಿದು ಡಂಗುರ ಸಾರುತ್ತಿದ್ದ. ಚಾವಡಿಯಲ್ಲಿ ಏನು ಹೇಳಿಕೊಟ್ಟರೋ ಅದನ್ನು ಓಣಿ ಓಣಿಗೆ ಹೋಗಿ ಕೂಗಬೇಕು, ತನ್ನದೊಂದು ಅಕ್ಷರ ಸೇರಿಸುವಂತಿಲ್ಲ, ಬಿಡುವಂತಿಲ್ಲ. ಒಂದು ಸಲ ಅವನ ಸ್ವಂತ ತಮ್ಮನ ಎಮ್ಮೆ ಜಪ್ತಿಯಾಯಿತು. ಅದನ್ನೂ ಅವನೇ ಸಾರಿದ, ತಮ್ಮನ ಬಾಗಿಲ ಮುಂದೆಯೇ ನಿಂತು. ತಮ್ಮ ಸಾಯುವ ತನಕ ಅಣ್ಣನ ಜೊತೆ ಮಾತಾಡಲಿಲ್ಲ. ಆ ಮಾತು ಅಣ್ಣನದಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೆ ಕಿವಿಗೆ ಬಿದ್ದದ್ದು ಅಣ್ಣನ ದನಿ. ನಾವು ಬುದ್ಧನಿಗೆ ಕೈಮುಗಿದ ವರ್ಷ ನಮ್ಮಪ್ಪ ಆ ಹಲಗೆಯನ್ನು ಚಾವಡಿಯ ಕಟ್ಟೆಯ ಮೇಲಿಟ್ಟು, ತಿರುಗಿ ನೋಡದೆ ಮನೆಗೆ ಬಂದ. ಆ ಮೇಲೆ ಈ ಮನೆಯಿಂದ ಹೊರಟ ದನಿ ಈ ಮನೆಯವರ ಮಾತನ್ನೇ ಆಡಿದೆ. ನಾನು ಮೈಕು ಹಿಡಿದದ್ದು ಹಾಗೆ. ನೀನು ಕೌದಿ ಕಟ್ಟಿ ರೆಕಾರ್ಡ್ ಮಾಡಿದ್ದೂ ಹಾಗೆ. ಈಗ ನಿನ್ನ ಕಂಪನಿ ಆ ಹಲಗೆಯನ್ನು ಹುಡುಕಿ ತಂದು ನನ್ನ ಕೊರಳಿಗೆ ಕಟ್ಟಿದೆ, ಕಟ್ಟಲು ಹಗ್ಗ ಕೊಟ್ಟವಳು ನನ್ನ ಮೊಮ್ಮಗಳು.

ನಿನ್ನ ಅಪ್ಪ ಅಂಜುತ್ತಾನೆ. ‘ಹುಡುಗಿ ನೌಕರಿ ಹೋದೀತು, ಸುಮ್ಮನಿರಪ್ಪ’ ಎಂದು ದಿನವೂ ನನ್ನ ಹಿಂದೆ ತಿರುಗುತ್ತಾನೆ. ನೌಕರಿ ಸಣ್ಣದೆಂದು ನಾನು ಹೇಳುವುದಿಲ್ಲ. ಹೊಲದ ಕೂಲಿಯಿಂದ ಎದ್ದು ಬಂದ ಮನೆಗೆ ಅದರ ಬೆಲೆ ಗೊತ್ತು. ಆದರೆ ಮೈದಾನಕ್ಕೆ ಯಾರೂ ಹೋಗದೆ ಮೈದಾನದ ಸುದ್ದಿ ಮಾರುವ ಅಂಗಡಿ ಎಷ್ಟು ದಿನ ನಡೆದೀತು ಎಂದು ನೀನೇ ಯೋಚಿಸು. ನಾಳೆ ನಿನ್ನ ದನಿಯನ್ನೂ ತುಂಬಿಟ್ಟುಕೊಂಡು ನಿನ್ನನ್ನು ಮನೆಗೆ ಕಳಿಸುತ್ತಾರೆ. ಆದ್ದರಿಂದ ಆ ತುಂಡನ್ನು ತೆಗೆಸು. ತೆಗೆದರೆ ಸಾಲದು, ಅದು ದೇವಿಂದ್ರ ಆಡಿದ ಮಾತಲ್ಲ, ಯಂತ್ರದ್ದು ಎಂದು ಕಂಪನಿಯ ಹೆಸರಿನಲ್ಲೇ ಹೇಳಿಸು. ಅವರ ಪೆಟ್ಟಿಗೆಯಲ್ಲಿ ನನ್ನ ಗಂಟಲು ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಅಳಿಸು. ಕೈಯಲ್ಲಿಲ್ಲ ಎನ್ನಬೇಡ. ಕೊಡುವಾಗ ನಿನ್ನ ಕೈಯಲ್ಲೇ ಇತ್ತು. ಹದಿನೆಂಟಕ್ಕೆ ಹತ್ತಿಕುಣಿಗೆ ಬಂದು ನನ್ನ ಪಕ್ಕದಲ್ಲಿ ನಿಲ್ಲು. ನಾನು ಹೇಳಿದರೆ ನಂಬದವರು, ಮಾಡಿದ ಹುಡುಗಿಯೇ ಹೇಳಿದರೆ ನಂಬುತ್ತಾರೆ. ಬೈದರೆ ಬೈಸಿಕೊಳ್ಳೋಣ, ಇಬ್ಬರಿದ್ದೇವಲ್ಲ.

ಅಜ್ಜಿ ನಿನಗೆ ದೃಷ್ಟಿ ತೆಗೆದಿದ್ದಾಳೆ. ರೇಣಮ್ಮನೂ ನಿನ್ನ ಕ್ಷೇಮ ಕೇಳಿದ್ದಾಳೆ. ಶಿವರಂಜನಿಗೆ ನಮ್ಮೆಲ್ಲರ ನೆನಪು ತಿಳಿಸು. ನಿನ್ನ ಹಲ್ಲು ಸರಿಯಾಗಲಿ, ಬೆನ್ನು ನೆಟ್ಟಗಿರಲಿ.

ನಿನ್ನ ಅಜ್ಜ,
ದೇವಿಂದ್ರ

ತಾ.ಕ.: ಲಾಡ್ಲೇಸಾಬ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದಾನೆ, ಬೇಗ ಬರೆಯುತ್ತೇನೆ. ಥಂಡಿ ಅಲ್ಲ. ಕಲಬುರಗಿಯ ಡಾಕ್ಟರು ನನ್ನ ಗಂಟಲಲ್ಲಿ ಗಂಟು ನೋಡಿದ್ದಾರೆ. ಹತ್ತೊಂಬತ್ತಕ್ಕೆ, ಹತ್ತಿಕುಣಿ ಆಟದ ಮರುದಿನ, ಕೊಯ್ಯುತ್ತಾರೆ. ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು. ಅಲ್ಲಿಯ ತನಕ ಮಾತಾಡಲೇಬೇಡ ಎಂದಿದ್ದಾರೆ, ಅಜ್ಜಿ ಫೋನು ಹುಗಿದಿಟ್ಟದ್ದು ಅದಕ್ಕೇ. ಹತ್ತಿಕುಣಿಯಲ್ಲಿ ಮಾತ್ರ ಆಡುತ್ತೇನೆ, ಯಾರು ತಡೆದರೂ ಕೇಳುವುದಿಲ್ಲ. ಹತ್ತೊಂಬತ್ತು ಕಳೆದ ಮೇಲೆ ಆ ಯಂತ್ರ ಏನೇ ಅಂದರೂ ಅದು ನಾನಲ್ಲ ಎನ್ನಲು ನನಗೆ ಬಾಯಿ ಇರುವುದಿಲ್ಲ. ಈ ಸೀಮೆಗೆಲ್ಲ ಅದೇ ದೇವಿಂದ್ರ ಆಗುತ್ತದೆ. ಅಳಿಸು ಎಂದದ್ದು ಅವರ ಹತ್ತಿರ ಇರುವುದನ್ನು. ಕೌದಿಯ ಕೋಣೆಯಲ್ಲಿ ನೀನು ಹಿಡಿದದ್ದನ್ನು ಅಳಿಸಬೇಡ, ಮನೆಗೆ ತೆಗೆದುಕೊಂಡು ಬಾ. ಅದು ಅಜ್ಜಿಗೆ ಬೇಕು. ‘ಇಷ್ಟು ವರ್ಷ ಬೈಸಿಕೊಂಡೀನಿ, ಮನಿ ಸುಮ್ಮನಾದ್ರ ನಾ ಹೆಂಗ ಇರ್ಲಿ’ ಎನ್ನುತ್ತಾಳೆ. ಬರುತ್ತೀಯೋ ಇಲ್ಲವೋ, ಹದಿನೈದನೇ ತಾರೀಖು ಗುರುವಾರದೊಳಗೆ ನನಗೆ ಉತ್ತರ ಬರಬೇಕು.