ಒಂದು ಫಾರಂ ಕಡಿಮೆ

ಸೋಮವಾರ, ಜೂನ್ 3

ಬೈಂಡಿಂಗಿಗೆ ಹೊಸ ಕೆಲಸ ಬಂತು. ವರ್ಷದ ಸಂಕಲನ. ಕಥೆ, ಪ್ರಬಂಧ, ಕವನ ಎಲ್ಲ ಒಟ್ಟಿಗೆ, ಬೇರೆ ಬೇರೆಯವರು ಬರೆದದ್ದು. ಪ್ರೆಸ್ಸಿನವರು ಹಾಳೆಗಳನ್ನು ಬಾಗಿಲಿಗೆ ಅಡ್ಡ ಒಟ್ಟಿ ಹೋದರು, ಹೇಳುವವರು ಕೇಳುವವರು ಇಲ್ಲದ ಹಾಗೆ. ಮಗನನ್ನು ಬೈದು ಒಳಗೆ ಇಡಿಸಿದೆ. ಕಟಿಂಗ್ ಮೆಷಿನ್ನಿನ ಬ್ಲೇಡು ಮೊಂಡಾಗಿದೆ, ಸಾಣೆಗೆ ಕಳಿಸಬೇಕು. ಮಂಡಿ ನೋವು ಹಾಗೇ ಇದೆ.

ಮಂಗಳವಾರ, ಜೂನ್ 4

ಮೊದಲ ಫಾರಂ, ಅಂದರೆ ಹದಿನಾರು ಪುಟ ಅಚ್ಚಾದ ಮೊದಲ ದೊಡ್ಡ ಹಾಳೆ, ಮಡಿಸುವಾಗ ಪರಿವಿಡಿ ಕಣ್ಣಿಗೆ ಬಿತ್ತು. ಮಗಳ ಹೆಸರು. ಎರಡು ಕಡೆ. ಒಂದು ಕವನ, ಒಂದು ಕಥೆ.

ಮಗನಿಗೆ ಗೊತ್ತಿತ್ತು. ಮುಖ ನೋಡಿದರೇ ತಿಳಿಯಿತು.

"ಹೇಳಿದ್ರೆ ನೀನು ಕೆಲಸಾನೇ ವಾಪಸ್ ಕಳಿಸ್ತಿದ್ದೆ" ಅಂದ.

"ಬಂದ ಕೆಲಸ ವಾಪಸ್ ಕಳಿಸೋಕೆ ನನಗೇನು ತಲೆ ಕೆಟ್ಟಿದ್ಯಾ? ಮಡಿಸು."

ಅವಳು ಮನೆ ಬಿಟ್ಟು ಆರು ವರ್ಷ. ನಾನು ಗೊತ್ತು ಮಾಡಿದ ಗಂಡು ಬೇಡ ಅಂದಳು, ಬರೆಯಬೇಕು ಅಂದಳು. ಹೊಸಿಲು ದಾಟಿದರೆ ನನ್ನ ಪಾಲಿಗೆ ನೀನು ಸತ್ತ ಹಾಗೆ ಅಂದೆ. ದಾಟಿದಳು. ಇದೇ ಊರಿನಲ್ಲಿ, ಹೊಳೆಯ ಆಚೆ ಇದ್ದಾಳೆ. ಅಣ್ಣನಿಗೆ ಫೋನ್ ಮಾಡುತ್ತಾಳೆ. ನನಗಿಲ್ಲ. ನಾನೂ ಮಾಡಿಲ್ಲ.

ಹಿಂದೆಯೂ ಎರಡು ಸಂಕಲನಗಳಲ್ಲಿ ಬಂದಿದ್ದಳು. ಅಂಗಡಿಯಲ್ಲಿ ಕೊಂಡು ತಂದಿದ್ದೆ. ಎಂಥ ಬೈಂಡಿಂಗ್! ತೆರೆದರೆ ಹಾಳೆ ಕೈಗೆ. ಎರಡನ್ನೂ ಬಿಚ್ಚಿ, ಹೊಲಿದು ಬೀರುವಿನಲ್ಲಿ ಇಟ್ಟೆ. ಕೆಟ್ಟ ಕೆಲಸ ಕಣ್ಣೆದುರಿಗೆ ಇರಬಾರದು, ಅಷ್ಟೇ.

ಬುಧವಾರ, ಜೂನ್ 5

ಕವನ ಓದಿದೆ. ತಾಯಿಯೊಬ್ಬಳು ಹೆಬ್ಬೆರಳಿನಿಂದ ಕಾಗದ ನೀವುವುದು. ಪ್ರಾಸವಿಲ್ಲ. ಅರ್ಥವೂ ಪೂರ್ತಿ ಆಗಲಿಲ್ಲ. ಮತ್ತೊಮ್ಮೆ ಓದಿದೆ. ಕಾಫಿ ಆರಿಹೋಯಿತು.

ಶುಕ್ರವಾರ, ಜೂನ್ 7

ಕಥೆ ಇರುವ ಫಾರಂ ಇವತ್ತು ಮಡಿಸಲು ಬಂತು. ಹದಿನಾರು ಪುಟ, ಹೆಚ್ಚುಕಡಿಮೆ ಪೂರಾ ಅವಳದೇ.

ಕಥೆಯಲ್ಲಿ ಒಬ್ಬ ಬೈಂಡಿಂಗ್ ಹೆಂಗಸು. ನನ್ನ ಕನ್ನಡಕ, ನನ್ನ ಮಂಡಿ, ಸೂಜಿಯನ್ನು ತುಟಿಯಲ್ಲಿ ಕಚ್ಚುವ ನನ್ನ ಅಭ್ಯಾಸ. ಆಸ್ಪತ್ರೆಯಲ್ಲಿ ಮಲಗಿ ಪುಟಗಟ್ಟಲೆ ಸಾಯುತ್ತಾಳೆ. ಮಗನನ್ನು ಕರೆಯುತ್ತಾಳೆ, ನರ್ಸನ್ನು ಕರೆಯುತ್ತಾಳೆ, ಅಂಗಡಿಗೆ ಬೀಗ ಹಾಕಿದ್ದೀರಾ ಎಂದು ಕೇಳುತ್ತಾಳೆ. ಮಗಳನ್ನು ಮಾತ್ರ ಒಂದು ಸಲವೂ ಕರೆಯುವುದಿಲ್ಲ. ಮಗಳು ಹೊರಗೇ ಕಾದು ಕೂತಿರುತ್ತಾಳೆ. ಅಲ್ಲಿಗೆ ಮುಗಿಯಿತು.

ಸತ್ತ ಹಾಗೆ ಅಂತ ನಾನು ಬಾಯಲ್ಲಿ ಅಂದಿದ್ದು. ಅವಳು ಅಚ್ಚು ಹಾಕಿಸಿದ್ದಾಳೆ.

ಸಾಯಿಸಲಿ. ಎಲ್ಲರೂ ಸಾಯುವವರೇ. ಆದರೆ ಕರೆಯದೆ ಸಾಯುತ್ತೇನೆಯೇ ನಾನು? ಅಷ್ಟೂ ಗೊತ್ತಿಲ್ಲವೇ ಅವಳಿಗೆ...

ಊಟ ಸೇರಲಿಲ್ಲ.

ಸೋಮವಾರ, ಜೂನ್ 10

ಕೆಲಸವೆಲ್ಲ ಅಂಟಿನದು. ಪ್ರಕಾಶಕರು ಹೊಲಿಗೆಗೆ ಖರ್ಚು ಮಾಡುವವರಲ್ಲ. ಒಂದು ಪ್ರತಿ ಮಾತ್ರ ನನಗೆಂದು ಮೇಣದ ದಾರದಲ್ಲಿ ಹೊಲಿದೆ. ಆ ಫಾರಂ ಬಿಟ್ಟು. ಅದರ ಜೊತೆ ಯಾರದೋ ಪ್ರಬಂಧದ ಬಾಲವೂ ಹೋಯಿತು. ಹೋಗಲಿ. ಕವನ ಇದೆಯಲ್ಲ, ಸಾಕು. ನನ್ನ ಸಾವನ್ನು ನನ್ನದೇ ಬೀರುವಿನಲ್ಲಿ ಇಟ್ಟುಕೊಳ್ಳುವ ದರ್ದು ನನಗಿಲ್ಲ.

ಹೊದಿಕೆ ಹಾಕಿ, ಭಾರದ ಕೆಳಗೆ ಇಟ್ಟು, ಮಂಡಿ ತೋರಿಸಲು ಡಾಕ್ಟರ ಹತ್ತಿರ ಹೋದೆ. ಹತ್ತು ದಿನ ಮೆಟ್ಟಿಲು ಹತ್ತಬಾರದಂತೆ. ಅವರೇ ಬಂದು ಹತ್ತಲಿ ನನ್ನ ಬದಲು.

ಶುಕ್ರವಾರ, ಜೂನ್ 14

ಪುಸ್ತಕ ಕಾಣಿಸುತ್ತಿಲ್ಲ. ಮಗನನ್ನು ಕೇಳಿದೆ.

"ಹೊಲಿದಿದ್ದು ಒಂದಿತ್ತಲ್ಲಮ್ಮ, ಅದಾ? ಅದನ್ನ ತಂಗಿಗೆ ಕೊಟ್ಟು ಬಂದೆ. ಅವಳ ಪ್ರತಿ ನಾವೇ ತಲುಪಿಸ್ತೀವಿ ಅಂತ ಪ್ರಕಾಶಕರಿಗೆ ಹೇಳಿದ್ದೆ."

"ಯಾರನ್ನ ಕೇಳಿ ಕೊಟ್ಟೆ?"

"ಕೇಳೋದೇನು? ಅವಳಿಗೇ ಅಂತ ಹೊಲಿದಿದ್ದೀಯ ಅಂದ್ಕೊಂಡೆ. ಬಾಯಲ್ಲಿ ಬರದಿದ್ರೂ ಕೈಯಲ್ಲಾದ್ರೂ ಬಂತಲ್ಲ ಅಂತ ಖುಷಿಯಾಯ್ತು ನನಗೆ. ಅವಳೂ ಪುಸ್ತಕದ ಬೆನ್ನು ಸವರಿ ನೋಡಿ, 'ಅಮ್ಮನೇ ಹೊಲಿದಿದ್ದಾ?' ಅಂದ್ಳು. ಕಣ್ಣಲ್ಲಿ ನೀರು."

"ಒಳಗೆ ತೆಗೆದು ನೋಡಿದ್ಲಾ?"

"ನಾನಿದ್ದಾಗ ಇಲ್ಲ. ಯಾಕೆ?"

ಬಿಟ್ಟ ಫಾರಂ ವಿಷಯ ಹೇಳಿದೆ. ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟ. "ಅಮ್ಮಾ... ಇದೇನು ಮಾಡಿಬಿಟ್ಟೆ ನೀನು."

ಎಲ್ಲ ನನ್ನ ಮೇಲೇ. ಭಾರದ ಕೆಳಗಿದ್ದದ್ದನ್ನು ಕೇಳದೆ ಎತ್ತಿಕೊಂಡು ಹೋದವನು ಅವನು.

ಬುಧವಾರ, ಜೂನ್ 19

ಅಣ್ಣನ ಫೋನೂ ಎತ್ತುತ್ತಿಲ್ಲ ಅವಳು. ಬೇಕೆಂದೇ ತೆಗೆದು ಕಳಿಸಿದೆ ಅಂದುಕೊಂಡಿರುತ್ತಾಳೆ. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ. ಈ ಅಂಗಡಿಯಿಂದ ಒಂದು ಫಾರಂ ಕಡಿಮೆ ಇರುವ ಪುಸ್ತಕ ಇದುವರೆಗೆ ಹೊರಗೆ ಹೋದದ್ದೇ ಇರಲಿಲ್ಲ. ಹೋಗಿದ್ದೂ ಯಾರ ಕೈಗೆ!

ಇವತ್ತು ಇನ್ನೊಂದು ಪ್ರತಿ ಹೊಲಿದೆ. ಪೂರ್ತಿ. ಆ ಫಾರಂ ಬಂದಾಗ ಸೂಜಿ ಸರಿಯಾಗಿ ಕೂರಲಿಲ್ಲ. ಬಿಚ್ಚಿದೆ, ಮತ್ತೆ ಹೊಲಿದೆ. ಮಗ ನೋಡುತ್ತಿದ್ದ, ಏನೂ ಅನ್ನಲಿಲ್ಲ. ಅಂದಿದ್ದರೆ ಬೈಯಬಹುದಿತ್ತು.

ಶನಿವಾರ, ಜೂನ್ 22, ಮಧ್ಯಾಹ್ನ

ಬಂದಿದ್ದಾಳೆ. ಸೊರಗಿದ್ದಾಳೆ. ಕೂದಲು ಗಿಡ್ಡ ಮಾಡಿಸಿಕೊಂಡಿದ್ದಾಳೆ. ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು.

"ನನ್ನ ಕಥೆ ಎಲ್ಲಿ?"

ಪೂರ್ತಿ ಪ್ರತಿಯನ್ನು ಮುಂದೆ ತಳ್ಳಿದೆ. "ಅದು ನನಗೆ ಅಂತ ಹೊಲ್ಕೊಂಡಿದ್ದು. ನಿಮ್ಮಣ್ಣನ ಬುದ್ಧಿವಂತಿಕೆ, ನಿನ್ನ ಕೈಗೆ ಬಂತು. ನಿಂದು ಇದು."

"ನಿನಗೆ ಅಂತಾನಾ?" ಎರಡು ಪುಸ್ತಕಗಳನ್ನೂ ನೋಡಿದಳು. "ಹಾಗಾದ್ರೆ ಕಥೆ ಓದಿದ್ದೀಯ."

"ಓದ್ದೆ. ಆ ಹೆಂಗಸು ಸಾಯೋಕೆ ಎಷ್ಟು ಹೊತ್ತು ತಗೋತಾಳೆ! ಬೈಂಡಿಂಗ್ ಕೆಲಸದವರಿಗೆ ಅಷ್ಟು ಪುರುಸೊತ್ತು ಇರಲ್ಲ."

ಅವಳಿಗೆ ನಗು ಬಂತು. ತಡೆದುಕೊಂಡಳು. "ಅಷ್ಟೇನಾ ತಪ್ಪು?"

"ಇನ್ನೊಂದಿದೆ."

"ಏನು, ಹೇಳು."

ಹೊಲಿಗೆ ಬಿಗಿಯಾಗಿದೆಯಾ ನೋಡು ಅಂದೆ. ಕಾದಳು. ಆಮೇಲೆ ಪೂರ್ತಿ ಪ್ರತಿಯನ್ನು ಚೀಲಕ್ಕೆ ಹಾಕಿಕೊಂಡು ಒಳಗೆ ಅಣ್ಣನ ಹತ್ತಿರ ಹೋದಳು. ಮುಖ ಎತ್ತಬೇಕಾಗುತ್ತದಲ್ಲ ಎಂದು ಆಗಿನಿಂದ ಇದನ್ನು ಬರೆಯುತ್ತ ಕೂತಿದ್ದೇನೆ.

ಈಗ ಹೊರಟಳು. "ಬರ್ತೀನಮ್ಮ" ಅಂದಳು. ತಲೆ ಆಡಿಸಿದೆ.

ಬಾಗಿಲಾಚೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಳೆ. ಪಟ್ಟಿ ಸಿಕ್ಕಿಸಲು ಇಷ್ಟು ಹೊತ್ತೇ? ಕರೆದರೆ ಕೇಳಿಸುವಷ್ಟೇ ದೂರ. ಗಂಟಲು ಸರಿಮಾಡಿಕೊಂ—